ಸೊಂಟದ ಮೇಲಿನ ಜಿಲ್ಲೆ

ಕಾರ್ಕಳದ ಕಡೆಯ ಒಂದು ಇಗರ್ಜಿಯಲ್ಲಿ ಅವರ ಅಂತ್ಯಕ್ರಿಯೆ ನಡೆದಾಗ ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಪಾದ್ರಿಯವರು ಮೃತರ ಗುಣಗಾನ ಮಾಡುತ್ತ, ಈ ಮಹಾತಾಯಿ ಕಾಪುವಿನಿಂದ ಕಾರ್ಕಳದವರೆಗೆ ಎಷ್ಟೋ ಮನೆಗಳ ಮಕ್ಕಳನ್ನು ಈ ಲೋಕಕ್ಕೆ ಬರಮಾಡಿಕೊಂಡರೆಂದು ಹೇಳಿ, "ಈ ಕಾರ್ಯದಲ್ಲಿ ಕೆಲವು ವೈದ್ಯರೂ ಅವರಿಗೆ ಸಹಕರಿಸಿದ್ದಾರೆ" ಎಂದು ಸೇರಿಸಿದರು.

ಸಹಕರಿಸಿದ ಆ ವೈದ್ಯರಲ್ಲಿ ನಾನೂ ಒಬ್ಬಳು. ಹೆರಿಗೆ ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ, ಕಾಪುವಿನ ಒಂದು ಆಸ್ಪತ್ರೆಯಲ್ಲಿ ಕೂದಲು ಬೆಳ್ಳಗಾಗುವವರೆಗಿನ ಸೇವೆ, ನಿವೃತ್ತಿಯ ದಿನ ಹೊದೆಸಿದ ಶಾಲು, ಇಷ್ಟೆಲ್ಲ ಸಂಪಾದಿಸಿದ ಮೇಲೆ ಇನ್ನೊಬ್ಬರ ಅಂತ್ಯಕ್ರಿಯೆಯಲ್ಲಿ ನಾನೊಂದು ಉಪವಾಕ್ಯವಾದೆ. ಪಕ್ಕದಲ್ಲಿ ಕುಳಿತಿದ್ದ ನನ್ನ ಮಗಳು ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕೆಂಬ ಶಿಷ್ಟಾಚಾರ ನನಗೆ ಗೊತ್ತಿದೆ. ಬರೆಯಲು ಹೊರಟಿರುವುದೂ ಒಳ್ಳೆಯದನ್ನೇ. ಅವರ ಬಗ್ಗೆ ಬರೆಯಲು ಒಳ್ಳೆಯದು ಅಷ್ಟೊಂದು ಇರುವುದೇ ನನ್ನ ಮೂಲ ತಕರಾರು.

ಅವರಿಗೆ ಒಂದು ಹೆಸರಿತ್ತು. ಆದರೆ ಆಸ್ಪತ್ರೆಯಲ್ಲಿ ಎಲ್ಲರಿಗೂ ಅವರು ಬಾಯಮ್ಮ. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಗೌರವದಿಂದ ಕರೆಯುವುದು ಹಾಗೆಯೇ. ಊರಿನಲ್ಲಿ ಬಾಯಮ್ಮಂದಿರು ಎಷ್ಟೋ ಮಂದಿ ಇದ್ದಾರೆ. ಆದರೆ ಬಸುರಿಯರು "ಬಾಯಮ್ಮ ಬರ್ತಾರಾ?" ಎಂದು ಕೇಳಿದರೆ ಯಾವ ಬಾಯಮ್ಮ ಎಂದು ಯಾರೂ ತಿರುಗಿ ಕೇಳುತ್ತಿರಲಿಲ್ಲ. ಡಾಕ್ಟರು ಬರುತ್ತಾರೋ ಇಲ್ಲವೋ ಎಂಬುದು ಎರಡನೆಯ ಪ್ರಶ್ನೆ.

ಅವರು ಮೊದಲ ಸಲ ನಮ್ಮ ಹೆರಿಗೆ ಕೊಠಡಿಗೆ ಬಂದದ್ದು ಉಡುಪಿ ಪ್ರತ್ಯೇಕ ಜಿಲ್ಲೆಯಾದ ಹೊಸತರಲ್ಲಿ. ಶಿರ್ವದ ಕಡೆಯ ಒಂದು ಕುಟುಂಬ. ಮಗ ಮಸ್ಕತ್ತಿನಲ್ಲಿ, ಸೊಸೆ ನಮ್ಮ ಮಂಚದ ಮೇಲೆ. ಆ ಹುಡುಗಿಯ ತಲೆಯ ಬಳಿ ಒಬ್ಬ ದಪ್ಪನೆಯ ಹೆಂಗಸು ನಿಂತಿದ್ದರು. ತುರುಬಿಗೆ ಮಲ್ಲಿಗೆ, ಕುತ್ತಿಗೆಗೆ ಧಾರಾಳವಾಗಿ ಪೌಡರು, ಹೆಗಲಿಗೆ ವಿಮಾನದಲ್ಲಿ ಕೊಡುವಂಥ ಒಂದು ಜಿಪ್ಪಿನ ಚೀಲ. ಮದುವೆಗೆ ಹೊರಟವರು ದಾರಿ ತಪ್ಪಿ ಬಂದರೇನೋ ಎಂದುಕೊಂಡು ಕೇಳಿದೆ:

"ನೀವು ಯಾರು? ಅತ್ತೆಯಾ?"

"ಅಲ್ಲ."

"ಅಮ್ಮನಾ?"

"ಅಲ್ಲ."

"ಮತ್ತೆ?"

"ನಾನು ಇವಳ ಜೊತೆಗೆ. ಇವಳು ಕೂತ್ರೆ ಕೂರುದು, ನಡೆದ್ರೆ ನಡೆಯುದು. ಬೊಬ್ಬೆ ಹಾಕಿದ್ರೆ ಕೇಳುದು."

"ಹೆರಿಗೆ ಮಾಡಿಸ್ತೀರಾ?"

"ಅಯ್ಯೋ ದೇವಾ! ಅದು ನಿಮ್ಮ ಕೆಲಸ ಅಲ್ವಾ ಡಾಕ್ಟ್ರಮ್ಮ. ನಂಗೆ ರಕ್ತ ಕಂಡ್ರೆ ಆಗುದಿಲ್ಲ. ತಲೆ ತಿರುಗ್ತದೆ."

ಇದು ವಿನಯವಲ್ಲ, ಅಪ್ಪಟ ಸತ್ಯ. ಕೊಲ್ಲಿಯ ಒಂದು ಆಸ್ಪತ್ರೆಯಲ್ಲಿ ಅವರು ಬಾಣಂತಿಯರ ವಾರ್ಡಿನ ಆಯಾ ಆಗಿದ್ದರಂತೆ. ಹೆರಿಗೆ ಕೊಠಡಿಗೆ ಹಾಕಿದ ಮೊದಲ ದಿನವೇ ಬಕೆಟ್ಟಿನ ಮೇಲೆ ಬಿದ್ದು ಮೂರ್ಛೆ ಹೋದರು. ಅಲ್ಲಿದ್ದ ಫಿಲಿಪೀನ್ಸಿನ ನರ್ಸೊಬ್ಬಳು ಎಬ್ಬಿಸಿ, ಹೆರುವವಳ ತಲೆಯ ಬಳಿ ನಿಲ್ಲಿಸಿ, "ಇಲ್ಲಿ ನಿಂತು ಮುಖ ಮಾತ್ರ ನೋಡು, ಕೆಳಗೆ ನೋಡಿದರೆ ಕೆಲಸ ಹೋಗುತ್ತದೆ" ಎಂದಳು. ಹೀಗೆ ಒಂದು ಮೂರ್ಛೆಯಿಂದ ಒಂದು ವೃತ್ತಿ ಹುಟ್ಟಿತು. ಊರಿಗೆ ಮರಳಿದ ಮೇಲೂ ಅವರು ಅದನ್ನೇ ಮುಂದುವರಿಸಿದರು.

ಆ ದಿನವೇ ನಮ್ಮಿಬ್ಬರ ನಡುವೆ ಗಡಿ ಒಪ್ಪಂದವಾಯಿತು. "ಈಗ ಹೊಸ ಜಿಲ್ಲೆ ಆಯ್ತಲ್ಲ, ನಾವೂ ಹಾಗೆ ಇಟ್ಕೊಳ್ಳುವಾ ಡಾಕ್ಟ್ರಮ್ಮ. ಸೊಂಟದಿಂದ ಕೆಳಗಿನ ಜಿಲ್ಲೆ ನಿಮ್ಮದು, ಮೇಲಿನದ್ದು ನನ್ನದು. ನಾನು ಆಚೆ ಬರುದಿಲ್ಲ, ನೋಡುದೂ ಇಲ್ಲ."

ನಾನು ಕೂಡಲೇ ಒಪ್ಪಿದೆ. ಫಲವತ್ತಾದ ಭೂಮಿಯೆಲ್ಲ ನನ್ನ ಪಾಲಿಗೆ ಬಂತೆಂದು ಒಳಗೊಳಗೇ ಹಿಗ್ಗಿದ್ದೂ ನಿಜ. ಮುಖ, ಕಣ್ಣು, ಕಿವಿ, ನಾಲಿಗೆ, ಎರಡು ಕೈ ಎಲ್ಲವೂ ಅವರ ಆಡಳಿತಕ್ಕೆ ಸೇರಿಹೋದದ್ದು ಹೊಳೆಯಲು ನನಗೆ ಕೆಲವು ತಿಂಗಳು ಹಿಡಿಯಿತು. ಬೆನ್ನಿನ ಕೆಳಭಾಗ ಮಾತ್ರ ಕೊನೆಯವರೆಗೂ ವಿವಾದಿತ ಪ್ರದೇಶವಾಗಿಯೇ ಉಳಿಯಿತು. ಅದಕ್ಕೆ ಅವರು ತೆಂಗಿನೆಣ್ಣೆ ಹಚ್ಚಿ ಅಂಗೈಯಿಂದ ಒತ್ತುತ್ತಿದ್ದರು. ನನ್ನ ಗ್ಲೌಸಿಗೆ ಎಣ್ಣೆ ತಾಗಿ ಜಾರುತ್ತಿತ್ತು.

ಒಪ್ಪಂದದ ಇನ್ನೊಂದು ಪರಿಣಾಮವನ್ನು ನಾನು ಊಹಿಸಿರಲಿಲ್ಲ. ಅವರು ಈಚೆ ನೋಡುವುದಿಲ್ಲವಾದ್ದರಿಂದ, ಇಲ್ಲಿ ನಡೆಯುತ್ತಿರುವುದನ್ನು ನಾನು ಬಾಯಿಬಿಟ್ಟು ಹೇಳಲೇಬೇಕಾಗಿತ್ತು.

"ಈಗ ಎಂತ ಮಾಡ್ತಾ ಇದ್ದೀರಿ ಡಾಕ್ಟ್ರಮ್ಮ?"

"ಪರೀಕ್ಷೆ."

"ನೋವಾಗ್ತದಾ?"

"ಸ್ವಲ್ಪ."

ಕೂಡಲೇ ಅವರು ಹುಡುಗಿಯ ಕಿವಿಯ ಬಳಿ ಬಾಗಿ, "ಡಾಕ್ಟ್ರು ಈಗ ಕೈ ಹಾಕಿ ನೋಡ್ತಾರೆ ಮಗಾ, ಸ್ವಲ್ಪ ನೋವಾಗ್ತದೆ, ಮೆಲ್ಲ ಉಸಿರು ಬಿಡು, ಬಿಡುವಷ್ಟರಲ್ಲಿ ಮುಗೀತದೆ" ಎನ್ನುತ್ತಿದ್ದರು. ಅಲ್ಲಿಯವರೆಗೆ ನಾನು ಹೆರಿಗೆ ಮಾಡಿಸುತ್ತಿದ್ದದ್ದು ಬ್ಯಾಂಕಿನ ಲಾಕರು ತೆರೆಯುವವರ ಗಾಂಭೀರ್ಯದಲ್ಲಿ. ಮಾತೇನಿದ್ದರೂ ಸಿಸ್ಟರ ಜೊತೆ, ಅದೂ ಅರ್ಧ ಇಂಗ್ಲಿಷಿನಲ್ಲಿ. ಈಗ ನಾನು ರೇಡಿಯೋದಲ್ಲಿ ಕ್ರಿಕೆಟ್ ವಿವರಣೆ ಕೊಡುವವರ ಮಟ್ಟಕ್ಕೆ ಇಳಿದೆ. ತಲೆ ಕಾಣುತ್ತಿದೆ, ನಿಂತಿತು, ಮತ್ತೆ ಬಂತು. ನಾನು ಹೇಳಿದ್ದನ್ನೇ ಅವರು ಮೆತ್ತಗೆ ಮಾಡಿ ಆ ಕಡೆ ದಾಟಿಸುತ್ತಿದ್ದರು. ಹುಡುಗಿ "ಹೌದಾ ಬಾಯಮ್ಮ?" ಎಂದು ಅವರನ್ನೇ ನೋಡುತ್ತಿದ್ದಳು. ಸುದ್ದಿ ನನ್ನದು, ಕೃತಜ್ಞತೆ ಅವರಿಗೆ.

ಬೈಗುಳಗಳಿಗೆ ಮಾತ್ರ ನಾನು ಏಕಮಾತ್ರ ವಾರಸುದಾರಳು. ಏನಾದರೂ ಕುಡಿಸಬಹುದೇ, ಎದ್ದು ನಡೆಸಬಹುದೇ ಎಂದು ಅವರು ಪ್ರತಿಯೊಂದನ್ನೂ ನನ್ನನ್ನೋ ಸಿಸ್ಟರನ್ನೋ ಕೇಳಿಯೇ ಮಾಡುತ್ತಿದ್ದರು. ಬೇಡವೆಂದರೆ ಒಂದು ಮಾತು ಎದುರಾಡುತ್ತಿರಲಿಲ್ಲ. ಹುಡುಗಿಯ ಬಳಿ ಹೋಗಿ, "ನಾನು ಕೊಡ್ತಿದ್ದೆ ಮಗಾ, ಡಾಕ್ಟ್ರು ಬೇಡ ಹೇಳ್ತಾರೆ. ಕಾರಣ ಉಂಟು ಅವರಿಗೆ. ನಿಂಗೆ ಸಿಟ್ಟು ಬಂದ್ರೆ ಅವರನ್ನು ಬೈಯಿ. ಜೋರಾಗಿ ಬೈಯಿ. ಉಸಿರು ಸರಿ ಬರ್ತದೆ" ಎನ್ನುತ್ತಿದ್ದರು. ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕರಲ್ಲೂ ನನ್ನ ವಂಶವೃಕ್ಷದ ವಿಮರ್ಶೆ ನಡೆದಿದೆ. ಸಿಸ್ಟರು ಮುಖ ತಿರುಗಿಸಿ ನಕ್ಕದ್ದು ನನಗೆ ಕಾಣದಿರಲಿಲ್ಲ.

ಅವರಿಗೊಂದು ದೌರ್ಬಲ್ಯವಿತ್ತು, ಭವಿಷ್ಯ ಹೇಳುವುದು. ಯಾರು ಯಾವಾಗ ಬಂದರೂ "ಊಟಕ್ಕೆ ಮೊದಲು ಆಗ್ತದೆ ನೋಡಿ" ಎಂದೇ ಹೇಳುತ್ತಿದ್ದರು. ಊಟವಾಗಿ, ಚಹಾ ಆಗಿ, ಇನ್ನೊಂದು ಊಟವೂ ಆಗಿ ಮಗು ಹುಟ್ಟಿದರೂ ಅವರ ಮೇಲೆ ಯಾರೂ ಅಸಮಾಧಾನಪಟ್ಟದ್ದನ್ನು ನಾನು ಕಂಡಿಲ್ಲ. ನಾನು ಒಂದೇ ಒಂದು ಸಲ "ಸಂಜೆಯೊಳಗೆ ಆಗಬಹುದು" ಎಂದು ಹೇಳಿ ತಪ್ಪಿದ್ದೆ. ಆಮೇಲೆ ಎಷ್ಟೋ ವರ್ಷ ಕಾಪುವಿನ ಮೀನು ಮಾರ್ಕೆಟ್ಟಿನಲ್ಲಿ ಆ ಮಗುವಿನ ಅಜ್ಜಿ ನನ್ನನ್ನು ಕಂಡಾಗಲೆಲ್ಲ ಆ ಸಂಜೆಯನ್ನು ನೆನಪಿಸಿದರು.

ಕಾಣಿಕೆಗಳ ವಿಷಯದಲ್ಲೂ ಅಷ್ಟೆ. ಬಿಡುಗಡೆಯ ದಿನ ನನಗೆ ಬೇಕರಿಯ ಲಾಡಿನ ಪೆಟ್ಟಿಗೆ. ಬಾಯಮ್ಮನಿಗೆ ಮಟ್ಟುವಿನ ಗದ್ದೆಯಿಂದ ಆಗ ತಾನೇ ಕೊಯ್ದ, ತೊಟ್ಟಿನ ಮುಳ್ಳೂ ಬಾಡದ ಗುಳ್ಳ ಬದನೆ. ಅಷ್ಟೂ ಗುಳ್ಳವನ್ನು ಅವರು ನನ್ನ ಕಣ್ಣೆದುರೇ ಚೀಲಕ್ಕೆ ತುಂಬುತ್ತಿದ್ದರು. ಲಾಡು ನನಗೆ ಸೇರುವುದಿಲ್ಲ. ಗುಳ್ಳದ ಹುಳಿ ಎಂದರೆ ಪ್ರಾಣ. ಒಮ್ಮೆ ಅವರು "ಎರಡು ತಕ್ಕೊಳ್ಳಿ ಡಾಕ್ಟ್ರಮ್ಮ" ಎಂದರು. ಸ್ವಾಭಿಮಾನದಿಂದ ಬೇಡವೆಂದೆ. ಅವರು ಎರಡನೆಯ ಸಲ ಒತ್ತಾಯಿಸಲಿಲ್ಲ. ಅವರ ಚಾರಿತ್ರ್ಯದಲ್ಲಿ ನಾನು ಕಂಡ ಒಂದೇ ದೊಡ್ಡ ದೋಷ ಅದು.

ಇದೆಲ್ಲ ಚಿಲ್ಲರೆ ಹೊಟ್ಟೆಕಿಚ್ಚು. ಸಗಟು ಹೊಟ್ಟೆಕಿಚ್ಚು ಶುರುವಾದದ್ದು ಬಾಗಲಕೋಟೆಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ಒಬ್ಬಳ ಹೆರಿಗೆಯಲ್ಲಿ. ಅವಳ ಕಡೆಯವರೆಂದು ಯಾರೂ ಇರಲಿಲ್ಲ. ಗಂಡ ಹೊರಗೆ ಗೋಡೆಗೆ ಒರಗಿ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಬಾಯಮ್ಮ ಬೇರೊಬ್ಬಳ ಜೊತೆ ಬಂದು, ಅವಳ ಹೆರಿಗೆ ಮುಗಿದು, ಬಸ್ಸಿಗೆ ಹೊರಟವರು ಇವಳ ಬೊಬ್ಬೆ ಕೇಳಿ ಒಳಗೆ ಬಂದರು. ಮಗು ಅಡ್ಡಲಾಗಿತ್ತು, ಆಪರೇಷನ್ ಮಾಡಲೇಬೇಕಿತ್ತು. ಅವಳು ಕೇಳಲೊಲ್ಲಳು.

"ಹೊಟ್ಟಿ ಕೊಯ್ಸಿಕೊಂಡ್ರ ಕಲ್ಲು ಹೊರಾಕ ಬರಾಂಗಿಲ್ರೀ ಯವ್ವಾ. ನಾ ಒಲ್ಲೆ. ನನ್ನ ಹಂಗ ಬಿಡ್ರಿ."

ನಾನು ವೈಜ್ಞಾನಿಕವಾಗಿ, ಸಾವಧಾನದಿಂದ, ಗೋಡೆಯ ಚಿತ್ರಪಟದ ಸಹಾಯದಿಂದ ವಿವರಿಸಿದೆ. ಅವಳು ಗೋಡೆಯ ಕಡೆಗೇ ಮುಖ ತಿರುಗಿಸಿದಳು. ಬಾಯಮ್ಮ ನನ್ನನ್ನು ಬಾಗಿಲ ಬಳಿ ಕರೆದರು.

"ಬೇರೆ ದಾರಿ ಇಲ್ವಾ?"

"ಇಲ್ಲ."

"ಈಗಲೇ ಆಗ್ಬೇಕಾ?"

"ಥಿಯೇಟರು ತಯಾರಾಗುವವರೆಗೆ ಸಮಯ ಉಂಟು. ಮತ್ತೆ ಇಲ್ಲ."

"ಹಾಗಾದ್ರೆ ನೀವು ತಯಾರಿ ಮಾಡಿ. ಅವಳ ಹತ್ರ ನಾನು ಕೂರ್ತೇನೆ."

ನಾನು ಕೈ ತೊಳೆದು ಬರುವಷ್ಟರಲ್ಲಿ ಅವಳು ಬಾಯಮ್ಮನ ಹೆಗಲಿಗೆ ಮುಖವಿಟ್ಟು ಅತ್ತು ಮುಗಿಸಿದ್ದಳು. "ಆತು. ಕೊಯ್ಯಂತ ಹೇಳ್ರಿ" ಎಂದಳು. ಹೇಳಿದ್ದು ಬಾಯಮ್ಮನಿಗೆ. ಕೊಯ್ಯಬೇಕಾದವಳು ಎದುರಿಗೇ ನಿಂತಿದ್ದೆ.

ಆಮೇಲೆ ಕೇಳಿದೆ: "ಎಂತ ಹೇಳಿದಿರಿ ಅವಳಿಗೆ?"

"ನಾನು ಎಂತ ಹೇಳ್ಲಿಲ್ಲ. ಅವಳ ಕನ್ನಡ ನಂಗೆ ಅರ್ಧ ಗೊತ್ತಾಗ್ಲಿಲ್ಲ ಮಾರಾಯ್ರೆ. ಹೂಂ, ಹೂಂ ಅಂತ ಹೇಳ್ತಾ ಇದ್ದೆ. ಹೇಳಿ ಹೇಳಿ ಅವಳಿಗೇ ಸಾಕಾಯ್ತು."

ಆ ಹೆಂಗಸು ಮತ್ತೆ ಕಲ್ಲು ಹೊತ್ತಳು, ಸಿಮೆಂಟೂ ಹೊತ್ತಳು. ರಸ್ತೆಯಲ್ಲಿ ಸಿಕ್ಕಾಗಲೆಲ್ಲ ಬುಟ್ಟಿ ಇಳಿಸಿ ಕೇಳುತ್ತಿದ್ದಳು: "ಆ ಬಾಯಿ ಆರಾಮ ಅದಾರೇನ್ರೀ?" ಅವಳ ಹೊಟ್ಟೆಯ ಮೇಲಿನ ಹೊಲಿಗೆ ನನ್ನದು. ಅಷ್ಟು ನಾಜೂಕಾದ ಹೊಲಿಗೆ ಹಾಕಿದವಳು ಆರಾಮವಾಗಿದ್ದಾಳೋ ಇಲ್ಲವೋ ಎಂದು ಅವಳು ಒಂದು ಸಲವೂ ವಿಚಾರಿಸಲಿಲ್ಲ.

ಕೆಲವು ವರ್ಷಗಳ ಮೇಲೆ, ಮಣಿಪಾಲದಲ್ಲಿ ಓದಿದ ಒಬ್ಬ ಕಿರಿಯ ವೈದ್ಯ ನಮ್ಮ ಆಸ್ಪತ್ರೆ ಸೇರಿದ. ಒಳ್ಳೆಯ ಹುಡುಗ, ಕೈಯೂ ಚೆನ್ನ. ಬಂದ ಮೊದಲ ವಾರವೇ ಬಾಯಮ್ಮನ ಕೆಲಸ ನೋಡಿ ರೋಮಾಂಚನಗೊಂಡು ನನ್ನ ಕೋಣೆಗೆ ನುಗ್ಗಿದ. "ಮೇಡಂ, ಇವರಿಗೆ ಹೊರದೇಶದಲ್ಲಿ ಡೂಲಾ ಅಂತ ಹೇಳ್ತಾರೆ! ಹೆರಿಗೆಯ ತಂಡದಲ್ಲಿ ಅವರಿಗೂ ಜಾಗ ಉಂಟು!" ಅದು ಗ್ರೀಕ್ ಪದವೆಂದೂ, ಮೂಲದಲ್ಲಿ ದಾಸಿ ಎಂಬ ಅರ್ಥವೆಂದೂ ಅವನೇ ಹೇಳಿದ. ಈ ಎರಡನೆಯ ಮಾಹಿತಿಯನ್ನು ಬಾಯಮ್ಮನಿಗೆ ತಲುಪಿಸುವ ಜವಾಬ್ದಾರಿಯನ್ನು ನಾನು ಸಂತೋಷದಿಂದ ವಹಿಸಿಕೊಂಡೆ.

ಅವರು ಚಹಾಕ್ಕೆ ಬಿಸ್ಕತ್ತು ಅದ್ದುತ್ತ ಕೇಳಿಸಿಕೊಂಡರು. "ಹೌದಾ? ಆಗ್ಲಿ. ನಿಮ್ಮ ಕೆಲಸಕ್ಕೆ ಅವರು ಎಂತ ಹೇಳ್ತಾರೆ?"

ನಮ್ಮ ಶಾಸ್ತ್ರದ ಹೆಸರು, ಅಬ್‌ಸ್ಟೆಟ್ರಿಕ್ಸ್, ಲ್ಯಾಟಿನ್ ಮೂಲದ್ದು. ಎದುರಿಗೆ ನಿಲ್ಲುವವಳು ಎಂದು ಅರ್ಥ, ಅಡ್ಡ ನಿಲ್ಲುವವಳು ಎಂದೂ ಬಿಡಿಸಬಹುದು. ನನಗೆ ಗೊತ್ತಿಲ್ಲ ಎಂದುಬಿಟ್ಟೆ.

ಈಗ ನಮ್ಮ ಆಸ್ಪತ್ರೆಯ ಆ ಸುಪ್ರಸಿದ್ಧ ನಿಯಮದ ವಿಷಯಕ್ಕೆ ಬರಬೇಕು. ಹೆರಿಗೆ ಕೊಠಡಿಯೊಳಗೆ ಅಮ್ಮ, ಅತ್ತೆ, ಚಿಕ್ಕಮ್ಮ, ನಾದಿನಿ ಎಲ್ಲರೂ ನುಗ್ಗಿ ಸಿಸ್ಟರಿಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಆದ್ದರಿಂದ ನಾನು ಸ್ವಂತ ಅಕ್ಷರದಲ್ಲಿ ಬರೆದು ಬಾಗಿಲಿಗೆ ಬೋರ್ಡು ಹಾಕಿಸಿದೆ: 'ಒಬ್ಬ ಗರ್ಭಿಣಿಗೆ ಒಬ್ಬರೇ ಜೊತೆಗಾತಿ.' ಒಳ್ಳೆಯ ನಿಯಮ, ಈಗಲೂ ಹಾಗೆಯೇ ಹೇಳುತ್ತೇನೆ. ಒಬ್ಬರೇ ಎಂದ ಮೇಲೆ ಹೆತ್ತ ತಾಯಿಯೋ ಅತ್ತೆಯೋ ಒಳಗೆ ಬರುತ್ತಾರೆ, ಬಾಯಮ್ಮನಿಗೆ ಸಹಜವಾಗಿಯೇ ವಿಶ್ರಾಂತಿ ಸಿಗುತ್ತದೆ ಎಂಬುದು ಅದರ ಹೆಚ್ಚುವರಿ ಅನುಕೂಲವಾಗಿತ್ತು. ನಡೆದದ್ದು ಬೇರೆ. ನಮ್ಮ ಕರಾವಳಿಯ ತಾಯಂದಿರು ಮಗಳ ನೋವು ನೋಡಲಾರರು, ನೋಡಬಲ್ಲೆ ಎಂದು ಬಾಯಲ್ಲಿ ಹೇಳುತ್ತಾರೆ ಅಷ್ಟೆ. ಈಗ ಅವರಿಗೆ ಮರ್ಯಾದೆಯಾಗಿ ಹೊರಗೆ ಉಳಿಯಲು ಒಂದು ನೆಪ ದೊರಕಿತು. "ಒಬ್ಬರೇ ಅಂತೆ, ಬೋರ್ಡು ಉಂಟು. ಬಾಯಮ್ಮನೇ ಹೋಗ್ಲಿ" ಎಂದು ಬೆಂಚಿನಲ್ಲಿ ಕುಳಿತು ಜಪಸರ ತಿರುಗಿಸತೊಡಗಿದರು. ನನ್ನ ಬೋರ್ಡು ಬಾಯಮ್ಮನ ನೇಮಕಾತಿ ಪತ್ರವಾಯಿತು.

ಅದೇ ಬೋರ್ಡಿನ ಕೆಳಗೆ ನಾನೇ ಕುಳಿತುಕೊಳ್ಳುವ ದಿನವೂ ಬಂತು.

ನನ್ನ ಮಗಳು ಮಣಿಪಾಲದಲ್ಲಿ ಓದಿ, ಅಲ್ಲಿಯೇ ಪಾಠ ಹೇಳುವ ಒಬ್ಬನನ್ನು ಮದುವೆಯಾಗಿ, ಪರ್ಕಳದಲ್ಲಿ ಬಾಡಿಗೆ ಮನೆ ಮಾಡಿದ್ದಳು. ಚೊಚ್ಚಲ ಹೆರಿಗೆಗೆ ಉಡುಪಿಯ ನಮ್ಮ ಮನೆಗೆ ಬಂದಳು. ಸ್ವಂತ ಮಗಳ ಹೆರಿಗೆಯನ್ನು ತಾನೇ ಮಾಡಿಸಬಾರದೆಂಬುದು ನಮ್ಮ ವೃತ್ತಿಯ ಅಲಿಖಿತ ಮರ್ಯಾದೆ. ಅದರಂತೆ ಹೆರಿಗೆಯನ್ನು ಕಿರಿಯ ವೈದ್ಯನಿಗೆ ಒಪ್ಪಿಸಿದೆ. ಒಪ್ಪಿಸುವಾಗ ನನಗೆ ಒಂದು ಆಸೆ ಹುಟ್ಟಿತು. ಆಯುಷ್ಯವಿಡೀ ನಾನು ಮಂಚದ ಕಾಲಿನ ಕಡೆ ನಿಂತವಳು. ನಾನು ನೋಡಿದ ಮುಖಗಳೆಲ್ಲ ಮೊಣಕಾಲುಗಳ ನಡುವಿನಿಂದ ಕಂಡವು, ಅದರಲ್ಲೂ ಹೆಚ್ಚಿನವು ಬೇರೆ ಕಡೆ ತಿರುಗಿದವು. ಒಮ್ಮೆ, ಒಂದೇ ಒಂದು ಸಲ, ತಲೆಯ ಕಡೆ ನಿಲ್ಲಬೇಕು. ನನ್ನ ಕೈಯನ್ನು ಒಬ್ಬಳು ಹಿಡಿದುಕೊಳ್ಳಬೇಕು. ಬೈದರೂ ಅಡ್ಡಿಯಿಲ್ಲ.

ದಿನ ಹತ್ತಿರ ಬಂದಾಗ ಮಗಳು ದೋಸೆ ತಿನ್ನುತ್ತ ಹೇಳಿದಳು: "ಅಮ್ಮ, ಒಳಗೆ ಬಾಯಮ್ಮ ಇರ್ಲಿ."

"ಬಾಯಮ್ಮ ನಿಂಗೆ ಎಲ್ಲಿ ಸಿಕ್ಕಿದ್ರು?"

"ನಿನ್ನ ಆಸ್ಪತ್ರೆಯಲ್ಲೇ. ಚೆಕಪ್ಪಿಗೆ ಬಂದಾಗ ನೀನು ಹೊರಗೆ ಬರುವಾಗ ಮಧ್ಯಾಹ್ನ ಆಗ್ತದೆ. ಅಷ್ಟು ಹೊತ್ತು ಅವರ ಜೊತೆ ಮಾತಾಡ್ತಾ ಕೂರ್ತಿದ್ದೆ."

"ನಾನಿದ್ದೇನಲ್ಲ ಒಳಗೆ ಬರ್ಲಿಕ್ಕೆ?"

"ನೀನು ಇರ್ತಿ. ಹೊರಗೆ."

"ಹೊರಗೆ ಎಂತ ಮಾಡುದು ನಾನು?"

"ಎಲ್ಲ ಅಮ್ಮಂದಿರು ಎಂತ ಮಾಡ್ತಾರೋ ಅದು." ದೋಸೆಯನ್ನು ಚಟ್ನಿಯಲ್ಲಿ ತಿರುಗಿಸಿ ಮತ್ತೆ ಹೇಳಿದಳು: "ಬೇಜಾರು ಮಾಡ್ಬೇಡ. ನೀನು ಬಂದ್ರೆ ನನ್ನನ್ನು ನೋಡುದಿಲ್ಲ ಅಮ್ಮ, ಮೆಷಿನ್ ನೋಡ್ತಿ. ನಾನು ನಿನ್ನ ಮುಖ ನೋಡಿ ನೋಡಿ ಹೆದರ್ತೇನೆ. ಮತ್ತೆ, ಒಬ್ಬರೇ ಅಲ್ವಾ? ನೀನೇ ಬರ್ದದ್ದು."

ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಅದರಿಂದ ನನಗೆ ಯಾವ ಸಮಾಧಾನವೂ ಆಗಲಿಲ್ಲ.

ನೋವು ಶುರುವಾದ ದಿನ ಬೆಳಿಗ್ಗೆಯೇ ಬಾಯಮ್ಮ ಕಾರ್ಕಳದ ಬಸ್ಸಿನಿಂದ ಇಳಿದರು. ಅದೇ ಪೌಡರು, ಅದೇ ಚೀಲ. "ಊಟಕ್ಕೆ ಮೊದಲು ಆಗ್ತದೆ ನೋಡಿ ಡಾಕ್ಟ್ರಮ್ಮ" ಎಂದು ಒಳಗೆ ಹೋದರು. ಬಾಗಿಲು ಮುಚ್ಚಿತು. ನಾನು ಬೆಂಚಿನಲ್ಲಿ ಕುಳಿತೆ. ಪಕ್ಕದಲ್ಲಿ ಬೀಗಿತ್ತಿ, ಅಂದರೆ ಅಳಿಯನ ತಾಯಿ. ನನ್ನದೇ ಆಸ್ಪತ್ರೆಯ ಬೆಂಚು ಅಷ್ಟು ಗಟ್ಟಿ ಎಂದು ನನಗೆ ಗೊತ್ತಿರಲಿಲ್ಲ. ಹೆಡ್ ಸಿಸ್ಟರು ಬಂದು "ಮೇಡಂ, ಕಾಲು ಸ್ವಲ್ಪ ಒಳಗೆ ತಕ್ಕೊಳ್ಳಿ, ಟ್ರಾಲಿ ಹೋಗ್ಬೇಕು" ಎಂದರು.

ಒಳಗಿನದೆಲ್ಲ ಕೇಳಿಸುತ್ತಿತ್ತು. ನಡೆಯುವ ಸದ್ದು, ಬಾಯಮ್ಮನ ಹೂಂ ಹೂಂ, ಮಗಳ ನರಳಾಟ. ಆಮೇಲೆ ಬಾಯಮ್ಮನ ಪರಿಚಿತ ಧ್ವನಿ: "ಬೈಯಿ ಮಗಾ, ಬೈಯಿ. 'ಅಯ್ಯೋ' ಹೇಳ್ಬೇಡ, ಬೈಯಿ."

ಮಗಳು ಬೈದಳು. ಕಿರಿಯ ವೈದ್ಯನನ್ನಲ್ಲ, ನನ್ನನ್ನು. "ಅಮ್ಮ ಸುಳ್ಳಿ! ಇಷ್ಟು ನೋವಾಗ್ತದೆ ಅಂತ ಹೇಳ್ಲೇ ಇಲ್ಲ! ಇಡೀ ಊರಿಗೆ ಹೇಳ್ತಾಳೆ, ನಂಗೆ ಹೇಳ್ಲಿಲ್ಲ!"

ಬೀಗಿತ್ತಿ ನನ್ನ ಕಡೆ ನೋಡಿ, "ನೀವು ಹೇಳ್ಬಹುದಿತ್ತು" ಎಂದರು.

ಊಟದ ಹೊತ್ತು ಕಳೆಯಿತು. ಯಾರೂ ಊಟ ಮಾಡಲಿಲ್ಲ. ಆಮೇಲೆ ಬಾಗಿಲು ತೆರೆದು ಕಿರಿಯ ವೈದ್ಯ ಹೊರಗೆ ಬಂದ. ಅವನ ಮುಖ ನೋಡಿದೊಡನೆ ನಾನು ಎದ್ದು ನಿಂತಿದ್ದೆ. ಪ್ರತಿ ನೋವಿಗೂ ಮಗುವಿನ ಎದೆಬಡಿತ ಇಳಿಯುತ್ತಿದೆ, ತಲೆ ಕೆಳಗೆ ಬಂದಿದೆ, ವ್ಯಾಕ್ಯೂಮ್ ಹಾಕಿ ತೆಗೆಯುವುದು ಒಳ್ಳೆಯದೆಂದು ಕಾಣುತ್ತದೆ ಎಂದ. ಕೊನೆಗೆ ತಗ್ಗಿದ ದನಿಯಲ್ಲಿ, "ಮೇಡಂ, ನೀವು ಒಮ್ಮೆ ಬಂದು ನಿಲ್ತೀರಾ?" ಎಂದ.

ಕೈ ತೊಳೆದು ಒಳಗೆ ಹೋದೆ. ಮಗಳ ಮುಖ ಬೆವರಿ ಬಿಳಿಚಿತ್ತು. ಎರಡೂ ಕೈಗಳಿಂದ ಬಾಯಮ್ಮನ ತೋಳನ್ನು ಹಿಡಿದಿದ್ದಳು, ಉಗುರು ಇಳಿದು ಕೆಂಪಾಗಿತ್ತು. ಬಾಯಮ್ಮ ನನ್ನನ್ನು ಕಂಡು ನೇರವಾಗಿ ಹೇಳಿದರು:

"ಇಲ್ಲಿ ಬನ್ನಿ ಡಾಕ್ಟ್ರಮ್ಮ. ನಾನು ಹೊರಗೆ ಹೋಗ್ತೇನೆ. ಒಬ್ಬರೇ ಅಲ್ವಾ."

ತಿಂಗಳುಗಟ್ಟಲೆ ಬಯಸಿದ ಜಾಗ. ಎರಡೇ ಹೆಜ್ಜೆ ದೂರದಲ್ಲಿತ್ತು. ಮೆಷಿನ್ನಿನ ಟಕ್ ಟಕ್ ನಿಧಾನವಾಗುತ್ತಿತ್ತು. ಕಾಲಿನ ಕಡೆ ಆ ಹುಡುಗ ನನಗಾಗಿ ಕಾಯುತ್ತಿದ್ದ.

"ನೀವು ಅಲ್ಲೇ ಇರಿ" ಎಂದು ಹೇಳಿ ನಾನು ಕಾಲಿನ ಕಡೆ ಹೋದೆ. ಇದನ್ನು ತ್ಯಾಗ ಎಂದು ಯಾರೂ ಬಣ್ಣಿಸಬೇಕಾಗಿಲ್ಲ. ಕೆಲಸ ಆ ಕಡೆ ಇತ್ತು. ತಲೆಯ ಕಡೆ ನಾನು ನಿಂತಿದ್ದರೆ ಮಗಳು ಹೇಳಿದಂತೆ ಮೆಷಿನ್ನನ್ನೇ ನೋಡುತ್ತಿದ್ದೆ.

ಕಿರಿಯ ವೈದ್ಯ ವ್ಯಾಕ್ಯೂಮಿನ ಬಟ್ಟಲು ಕೂರಿಸಿದ. ನಾನು ವಿವರಣೆ ಶುರು ಮಾಡಿದೆ. ಬಟ್ಟಲು ಹಿಡಿದಿದೆ. ಮುಂದಿನ ನೋವಿಗೆ ಎಳೆಯುತ್ತಾನೆ. ಈಗ ಜೋರಾಗಿ ಮುಕ್ಕಿ ತಳ್ಳಬೇಕು. ಬಾಯಮ್ಮ ಒಂದೊಂದನ್ನೂ ಮಗಳ ಕಿವಿಗೆ ದಾಟಿಸುತ್ತಿದ್ದರು. ತಲೆ ಬಂತು, ನಿಂತಿತು. ಎದೆಬಡಿತ ಇಳಿಯಿತು, ಇಳಿದದ್ದು ಏರಲಿಲ್ಲ. ಆಗ ನನ್ನ ಬಾಯಿ ನಿಂತುಹೋಯಿತು. ಅಷ್ಟು ವರ್ಷಗಳಲ್ಲಿ ಎಷ್ಟೋ ಸಲ ಕಂಡ ದೃಶ್ಯ. ಹೇಳಬೇಕಾದ ಮಾತುಗಳೆಲ್ಲ ಗೊತ್ತಿದ್ದವು. ಒಂದೂ ಹೊರಡಲಿಲ್ಲ.

ಮಗಳು ಕೇಳಿದಳು: "ಯಾಕೆ ಅಮ್ಮ ಮಾತಾಡುದಿಲ್ಲ? ಬಾಯಮ್ಮ, ಎಂತ ಆಯ್ತು?"

ಬಾಯಮ್ಮ ತಲೆ ಎತ್ತಲಿಲ್ಲ, ಈಚೆ ನೋಡಲಿಲ್ಲ. ಮಗಳ ಹಣೆಯ ಮೇಲೆ ಕೈಯಿಟ್ಟುಕೊಂಡೇ ಹೇಳಿದರು: "ಹೇಳಿ ಡಾಕ್ಟ್ರಮ್ಮ. ನೀವು ಹೇಳದಿದ್ರೆ ನಾನು ಇವಳಿಗೆ ಎಂತ ಹೇಳುದು?"

"ಇನ್ನೊಂದು ನೋವು" ಎಂದೆ. "ಒಂದೇ. ಇದರಲ್ಲಿ ಬರ್ಬೇಕು."

"ಇನ್ನೊಂದೇ ಅಂತೆ ಮಗಾ. ಅಮ್ಮ ಹೇಳಿದ್ರು. ಬಾ, ನಾವು ಮೂವರೂ ಸೇರಿ ಮುಕ್ಕುವಾ."

ಆ ನೋವಿಗೆ ಮಗು ಬಂತು. ಮೊದಲು ಅಳಲಿಲ್ಲ. ಸಿಸ್ಟರು ಬೆನ್ನು ಉಜ್ಜಿದರು. ಮತ್ತೆ ಅತ್ತಿತು, ಕೊಠಡಿಯ ಗಾಜು ನಡುಗುವಂತೆ. ಸಿಸ್ಟರು ಅದನ್ನು ಎತ್ತಿ, ಮಗಳ ತಲೆಯ ಪಕ್ಕದಿಂದ ಬಿಸಿ ದೀಪದ ಕಡೆ ಒಯ್ದರು. ಮಗಳಿಗೆ ಕಣ್ಣು ತೆರೆಯುವ ತ್ರಾಣವಿರಲಿಲ್ಲ.

"ಬಾಯಮ್ಮ, ಎಂತ ಮಗು?"

"ನಂಗೆ ಎಂತ ಗೊತ್ತು? ನಾನು ನೋಡುದಿಲ್ಲ ಅಲ್ವಾ. ಅಮ್ಮನ ಹತ್ರ ಕೇಳು."

ಮಗಳು ಕಣ್ಣು ಬಿಟ್ಟಳು. ಕುತ್ತಿಗೆ ಎತ್ತಿ, ತನ್ನ ಮೊಣಕಾಲುಗಳ ನಡುವಿನಿಂದ ನನ್ನನ್ನು ನೋಡಿದಳು. ಆ ಕಡೆಯಿಂದ ಅಷ್ಟು ನೇರವಾಗಿ ನನ್ನನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ.

"ಅಮ್ಮ?"

"ಹೆಣ್ಣು" ಎಂದೆ.

ಸಂಜೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗ ಆ ಕೊಠಡಿಯ ನಕ್ಷೆ ನನ್ನ ತಲೆಯಲ್ಲಿ ತಿರುಗುತ್ತಿತ್ತು. ಸಿಸ್ಟರು ಮಗುವನ್ನು ಎತ್ತಿ ಒಯ್ದದ್ದು ಬಾಯಮ್ಮನ ಮೂಗಿನ ಎದುರಿನಿಂದಲೇ. ಅದು ಕೆಳಗಿನ ಜಿಲ್ಲೆಯಲ್ಲ, ಅಲ್ಲಿ ರಕ್ತದ ಪ್ರಶ್ನೆಯೂ ಇರಲಿಲ್ಲ.

"ಬಾಯಮ್ಮ, ನಿಮಗೆ ಕಂಡಿತ್ತು ಅಲ್ವಾ?"

"ಎಂತದು?"

"ಹೆಣ್ಣು ಅಂತ."

"ಎಲ್ಲಿ ಕಾಣ್ತದೆ ಡಾಕ್ಟ್ರಮ್ಮ, ಪ್ರಾಯ ಆಯ್ತಲ್ಲ. ಕಣ್ಣೇ ಸರಿ ಇಲ್ಲ ಈಗ" ಎಂದು ಅವರು ಉಗುರು ಇಳಿದಿದ್ದ ತೋಳಿನ ಮೇಲೆ ಸೆರಗು ಎಳೆದುಕೊಂಡರು. ಚಹಾದ ಕೊನೆಯ ಗುಟುಕು ಮುಗಿಸಿ, ಕಿಟಕಿಯ ಹೊರಗೆ ಹೆದ್ದಾರಿಯ ಕಡೆ ನೋಡಿ, "ಓ, ನನ್ನ ಬೆಳ್ಮಣ್ ಕಾರ್ಕಳ ಬಸ್ಸು ಬಂತು" ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು.

ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಬಹಳ ದೂರದಲ್ಲಿ ಒಂದು ಬಸ್ಸು ಬರುತ್ತಿತ್ತು. ಅದರ ಬೋರ್ಡು ನನಗೆ ಕಾಣುತ್ತಿರಲಿಲ್ಲ.